ಮಾಳಿಗೆಗೆ ಮಣ್ಣಿಲ್ಲ, ಮಾಡಿಗೆ ಯಜಮಾನನಿಲ್ಲ

ಚಳ್ಳಕೆರೆಯ ವರವು ಕಾವಲ್ ಹೆಸರನ್ನು ನಮ್ಮ ಕರಾವಳಿಯವರು ಕೇಳಿದ್ದರೆ ಅದು ವಿಮಾನದ ಸುದ್ದಿಯಲ್ಲಿ ಮಾತ್ರ. ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಇರುವುದು ಅಲ್ಲಿ. 4,290 ಎಕರೆ ಜಾಗ, 2017ರ ಮೇ 28ರಂದು ಉದ್ಘಾಟನೆ. ಇಸ್ರೋದ ‘ಪುಷ್ಪಕ್’ 2023ರಲ್ಲಿ ಒಮ್ಮೆ, 2024ರಲ್ಲಿ ಎರಡು ಸಲ ತಾನಾಗಿ ಬಂದು ಇಳಿದದ್ದೂ ಅದೇ ರನ್‌ವೇ ಮೇಲೆ. ಟಿವಿಯಲ್ಲಿ ನೋಡಿ ನಾವೂ ಖುಷಿಪಟ್ಟಿದ್ದೇವೆ. ಆದರೆ ಈ ವಾರ ಹೇಳಬೇಕೆಂದಿರುವುದು ಆ ಬೇಲಿಯ ಹೊರಗಿನ ಮನೆಗಳ ವಿಷಯ. ಮರದ ಕಂಬ, ಮರದ ತೊಲೆ, ಅದರ ಮೇಲೆ ಮಣ್ಣು ಹೊದ್ದ ಮಾಳಿಗೆ ಮನೆಗಳು. ಬ್ಯಾರಿಗಳ ಪುಟದಲ್ಲಿ ಬಯಲುಸೀಮೆಯ ಮಾಳಿಗೆಗೆ ಎಂತ ಕೆಲಸ ಅಂತ ಕೇಳಬೇಡಿ. ಬಂದರಿನ, ಕುದ್ರೋಳಿಯ, ಉಳ್ಳಾಲದ ನಮ್ಮ ಹಳೆ ಉಪ್ಪರಿಗೆ ಮನೆಗಳಿಗೆ ಹಿಡಿದಿರುವ ಕಾಯಿಲೆಯೇ ಅಲ್ಲಿಯೂ ಉಂಟು. ಅಲ್ಲಿ ಅದು ಸ್ವಲ್ಪ ಬಿಡಿಸಿ ಕಾಣ್ತದೆ, ಅಷ್ಟೇ ವ್ಯತ್ಯಾಸ.

ಮೊದಲು ಆ ಮನೆ ಹೇಗೆ ನಿಲ್ಲುತ್ತದೆ ಅಂತ ನೋಡುವ. ನಮ್ಮ ಕಡೆಯವರಿಗೆ ಇಳಿಜಾರಿಲ್ಲದ ಮಾಡು ಎಂದರೆ ಕಾಂಕ್ರೀಟ್ ತಾರಸಿ ಮಾತ್ರ ಗೊತ್ತು. ಬಯಲುಸೀಮೆಯಲ್ಲಿ ಸಿಮೆಂಟು ಹುಟ್ಟುವ ಎಷ್ಟೋ ಕಾಲದ ಮೊದಲೇ ಚಪ್ಪಟೆ ಮಾಡು ಇತ್ತು. ನೆಲದಲ್ಲಿ ಅಡಿಗಲ್ಲು, ಅದರ ಮೇಲೆ ಮರದ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಜಂತಿ. ಜಂತಿಯ ಮೇಲೆ ಸೀಳಿದ ಕಡ್ಡಿ ಅಥವಾ ಹಲಗೆ, ಅದರ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ತುಳಿದು ಕೂರಿಸಿದ ಮಣ್ಣು, ಎಲ್ಲಕ್ಕಿಂತ ಮೇಲೆ ನೀರು ಇಳಿಯಲು ಬಿಡದ ಚೌಳು ಮಣ್ಣಿನ ಒಂದು ಪದರ. ಬೆಳಕಿಗೆ ಮಾಳಿಗೆಯಲ್ಲೇ ಒಂದು ಬೆಳಕಿಂಡಿ. ಮಳೆ ಬಂದರೆ ಅದನ್ನು ಮುಚ್ಚಿದರಾಯಿತು. ಸ್ಥಿತಿವಂತರ ಪೇಟೆಮನೆಯಾದರೆ ಬೀದಿಗೆ ಜಗಲಿ ಅಥವಾ ಅಂಗಡಿ, ಒಳಗೆ ಪಡಸಾಲೆ, ನಡುವೆ ತೊಟ್ಟಿ, ಬೋದಿಗೆಯಲ್ಲಿ ಒಂದಿಷ್ಟು ಹೂಬಳ್ಳಿ ಕೆತ್ತನೆ. ಬಡವರದ್ದಾದರೆ ಕೆತ್ತನೆ ಇಲ್ಲ, ಕಂಬಕ್ಕೆ ಜಾಲಿಯೋ ಬೇವೋ ಸಿಕ್ಕಿದ ಮರ. ಲೆಕ್ಕಾಚಾರ ಮಾತ್ರ ಒಂದೇ. ಗೊಲ್ಲರ ಮನೆಯಾಗಲಿ, ಲಿಂಗಾಯತರ ಮನೆಯಾಗಲಿ, ಪಿಂಜಾರರ ಮನೆಯಾಗಲಿ, ಮಾಳಿಗೆಗೆ ಜಾತಿ ಇರಲಿಲ್ಲ.

ಇಲ್ಲಿ ಗಮನಿಸಬೇಕಾದ್ದು ಒಂದುಂಟು. ಮಾಳಿಗೆಯ ಭಾರ ಹೊರುವುದು ಕಂಬಗಳ ಸಾಲು. ಗೋಡೆ ಹೆಚ್ಚಾಗಿ ಮರೆಗೆ, ತಂಪಿಗೆ. ಎಲ್ಲೋ ಒಂದು ಮಣ್ಣಿನ ಗೋಡೆ ಮಳೆಗೆ ಕುಸಿದರೂ ಮಾಡು ತಲೆ ಮೇಲೆ ಬೀಳಬೇಕೆಂದಿಲ್ಲ. ಗೋಡೆ ಎಬ್ಬಿಸಿ ಮತ್ತೆ ಒಳಗೆ ಕೂರಬಹುದು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿಗೆ ಇದಕ್ಕಿಂತ ಜಾಣ ಮನೆ ಯಾವುದೂ ಇಲ್ಲ ಅಂತ ನನ್ನ ಅಭಿಪ್ರಾಯ. ಏಪ್ರಿಲ್ ಬಿಸಿಲಿಗೆ ತಗಡಿನ ಶೀಟಿನ ಕೆಳಗೆ ಕೂತು, ಆಮೇಲೆ ಮಾಳಿಗೆ ಮನೆಯೊಳಗೆ ಹೋಗಿ ಕೂತವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಆದರೆ ಈ ಮನೆಗೆ ಒಂದು ಶರತ್ತುಂಟು. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಯಾರಾದರೂ ಮಾಳಿಗೆ ಹತ್ತಬೇಕು. ಹುಟ್ಟಿದ ಹುಲ್ಲು ಕೀಳಬೇಕು, ಬಿರುಕಿಗೆ ಮಣ್ಣು ತುಂಬಬೇಕು, ನೀರು ಹೋಗುವ ದೋಣಿ ಬಿಡಿಸಬೇಕು, ಮೇಲಿಂದ ಹೊಸ ಚೌಳು ಹರಡಬೇಕು. ಎರಡು ಮೂರು ವರ್ಷ ಬಿಟ್ಟರೆ ನೀರು ಜಂತಿಗೆ ಇಳಿಯುತ್ತದೆ. ಜಂತಿ ಹೋದರೆ ತೊಲೆ, ತೊಲೆ ಹೋದರೆ ಮನೆ. ಮನೆ ಬಿದ್ದದ್ದು ಹಳತಾಗಿ ಅಂತ ಜನ ಹೇಳುತ್ತಾರೆ. ನಿಜವಾಗಿ ಬಿದ್ದದ್ದು ಯಾರೂ ಮೇಲೆ ಹತ್ತದೆ.

ಹತ್ತುವವರು ಇದ್ದರೂ ಮಣ್ಣು ಬೇಕಲ್ಲ? ಮಣ್ಣು, ಸೊಪ್ಪು, ಕಡ್ಡಿ, ಜಂತಿಗೆ ಬೇಕಾದ ಮರ, ಇದೆಲ್ಲ ಬಯಲುಸೀಮೆಯಲ್ಲಿ ಬರುತ್ತಿದ್ದದ್ದು ಸ್ವಂತ ಹೊಲದಿಂದ ಸ್ವಲ್ಪ, ಊರಿನ ಕೆರೆ, ಗೋಮಾಳ, ಕಾವಲುಗಳಿಂದ ಹೆಚ್ಚು. ಕಾವಲ್ ಎಂದರೆ ಸುಮ್ಮನೆ ಬೀಳುಬಿದ್ದ ಬಯಲಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂದಿದ್ದ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ‘ಅಮೃತ್ ಮಹಲ್’ ಎಂದು ಹೆಸರಿಟ್ಟ. ಆ ದನಗಳ ಮೇವಿಗೆ ಮೀಸಲಿಟ್ಟ ಹುಲ್ಲುಗಾವಲುಗಳೇ ಈ ಕಾವಲುಗಳು. ಸುತ್ತಲಿನ ಹಳ್ಳಿಗಳ ಕುರಿ, ದನ, ಸೌದೆ ಎಲ್ಲ ಅದರ ಮೇಲೆಯೇ ನಡೆಯುತ್ತಿತ್ತು. ಡಿಆರ್‌ಡಿಒ ಮಾತ್ರವಲ್ಲ, ಭಾರತೀಯ ವಿಜ್ಞಾನ ಸಂಸ್ಥೆಗೆ, ಭಾಭಾ ಅಣುಶಕ್ತಿ ಕೇಂದ್ರಕ್ಕೆ, ಇಸ್ರೋಗೆ ಎಂದು ಚಳ್ಳಕೆರೆ ಸುತ್ತಲಿನ ಕಾವಲುಗಳು ಹಂಚಿಹೋಗಿ ಬೇಲಿ, ಗೋಡೆ ಎದ್ದವು. ಕೇಳದೆ ಕೊಟ್ಟರು ಎಂದು ಅಲ್ಲಿನವರು ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಆಗಿನ ಚರ್ಚೆಯೆಲ್ಲ ಕುರಿ, ಹುಲ್ಲು, ಎರ್ಲಡ್ಡು ಹಕ್ಕಿಯ ಬಗ್ಗೆ ಆಯಿತು. ಅದು ಬೇಕಾದ್ದೇ. ಆದರೆ ಕಾವಲು ಮುಚ್ಚಿದಾಗ ಮಾಳಿಗೆಯ ರಿಪೇರಿ ಸಾಮಾನಿನ ಉಗ್ರಾಣವೂ ಮುಚ್ಚುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಗಾಡಿ ಮಣ್ಣನ್ನೂ ದುಡ್ಡು ಕೊಟ್ಟು ತರಬೇಕಾದ ದಿನ, ಬಡವ ಮಾಳಿಗೆ ಬಿಟ್ಟು ಶೀಟು ಹಾಕಿಸುತ್ತಾನೆ. ಅವನನ್ನು ದೂರಿ ಎಂತ ಪ್ರಯೋಜನ?

ಈಗ ಘಟ್ಟ ಇಳಿದು ನಮ್ಮ ಕಡೆ ಬರುವ. ನಮ್ಮದು ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು. ಹಾಗಾಗಿ ಮುರಕಲ್ಲಿನ ದಪ್ಪ ಗೋಡೆ, ಮೇಲೆ ಕಡಿದಾದ ಇಳಿಜಾರಿನ ಮಾಡು. ಇಲ್ಲಿ ಗೋಡೆಯೂ ಭಾರ ಹೊರುತ್ತದೆ, ಆದರೆ ಚಾವಡಿಯ ಕಂಬ, ಉಪ್ಪರಿಗೆಯ ಜಂತಿ, ಮುಚ್ಚಿಗೆ, ಪಕ್ಕಾಸು, ರೀಪು, ದಾರಂದ ಎಲ್ಲ ಮರದ್ದೇ. ಮೊದಲು ಮುಳಿಹುಲ್ಲೋ ಮಡಲೋ ಹೊದೆಸುತ್ತಿದ್ದ ಮಾಡಿಗೆ 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಹಂಚು ಬಂತು. ಹಂಚು ಬಂದ ಮೇಲೆ ರೀಪಿನ ಅಂತರ ಹಂಚಿನ ಅಳತೆಗೆ ಬಿಗಿಯಾಯಿತು, ಪೇಟೆಯಲ್ಲಿ ಬೆಂಕಿಯ ಹೆದರಿಕೆ ಕಡಿಮೆಯಾಯಿತು, ಅನುಕೂಲ ಇದ್ದವರು ಧೈರ್ಯವಾಗಿ ಉಪ್ಪರಿಗೆ ಎಬ್ಬಿಸಿದರು. ಕೆಳಗೆ ವ್ಯಾಪಾರದ ಸಾಮಾನು, ಮೇಲೆ ಸಂಸಾರ, ಅಟ್ಟದಲ್ಲಿ ಅಕ್ಕಿಮುಡಿ, ಹೊಸ ಪುಯ್ಯಾಪ್ಲೆಗೆಂದು ಬಿಟ್ಟುಕೊಡುವ ಒಂದು ಕೋಣೆ. ಇಂಥ ಮನೆಯಲ್ಲಿ ಹುಟ್ಟಿದವರು ಈ ಪುಟದ ಓದುಗರಲ್ಲಿ ಇನ್ನೂ ಇದ್ದಾರೆ.

ಆ ಮರಗೆಲಸದ ಬುದ್ಧಿವಂತಿಕೆ ಬಗ್ಗೆ ನಮ್ಮವರು ಮಾತಾಡುವುದು ಕಡಿಮೆ. ಒಂದು ಮರದ ತುದಿಯನ್ನು ನಾಲಿಗೆಯ ಹಾಗೆ ಕೊರೆದು ಇನ್ನೊಂದರ ತೂತಿಗೆ ಕೂರಿಸಿ, ಅಡ್ಡಕ್ಕೆ ಮರದ ಬೆಣೆ ಹೊಡೆಯುತ್ತಾರೆ. ನಮ್ಮ ಉಪ್ಪು ಗಾಳಿಗೆ ಕಬ್ಬಿಣದ ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ತಿನ್ನುತ್ತದೆ, ಬೆಣೆಗೆ ಆ ತೊಂದರೆ ಇಲ್ಲ. ಬೆಣೆ ತೆಗೆದರೆ ಮನೆ ಬಿಚ್ಚಿಕೊಳ್ಳುತ್ತದೆ, ಬೇರೆ ಕಡೆ ಒಯ್ದು ಮತ್ತೆ ನಿಲ್ಲಿಸಬಹುದು. ಮಣಿಪಾಲದ ವಿಜಯನಾಥ ಶೆಣೈಯವರು ಬ್ಯಾಂಕ್ ನೌಕರಿಯಲ್ಲಿದ್ದುಕೊಂಡೇ ಈ ಹುಚ್ಚು ಹಚ್ಚಿಕೊಂಡು, ಕೆಡವಲು ಹೊರಟಿದ್ದ ಹಳೆ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಮತ್ತೆ ಕಟ್ಟಿಸಿದರು. ಭಟ್ಕಳದ ನವಾಯತರ ಮನೆಯೊಂದೂ ಅಲ್ಲಿದೆ. ಶೆಣೈಯವರು 2017ರಲ್ಲಿ ತೀರಿಕೊಂಡರು. ಅವರ ಕೆಲಸಕ್ಕೆ ನಾವೆಲ್ಲ ಋಣಿಗಳು. ಆದರೆ ಒಂದು ಮಾತು ಹೇಳಲೇಬೇಕು: ಟಿಕೆಟು ಕೊಟ್ಟು ನೋಡುವ ಮನೆಯ ಒಲೆಯಲ್ಲಿ ಬೆಂಕಿ ಇರುವುದಿಲ್ಲ. ಹಳೆಯವರು ಒಲೆಯ ಹೊಗೆಯನ್ನು ಅಟ್ಟಕ್ಕೆ ಬಿಡುತ್ತಿದ್ದದ್ದು ತಿಳಿಯದೆ ಅಲ್ಲ. ಆ ಕರಿ ಹಿಡಿದ ಪಕ್ಕಾಸಿಗೆ ಹುಳ ಬೀಳುತ್ತಿರಲಿಲ್ಲ. ಮರದ ಮನೆಗೆ ಜನ ಇದ್ದರೇ ಆಯುಷ್ಯ. ಬೀಗ ಹಾಕಿದ ಮನೆಯ ಬೀಗದ ಕೈ ಒರಲೆಯ ಹತ್ತಿರ ಇರ್ತದೆ.

ಬೀಗ ಯಾಕೆ ಬೀಳುತ್ತದೆ? ಕೊಲ್ಲಿಗೆ ಹೋದ ಕಾರಣ, ಕಾಂಕ್ರೀಟಿನ ಮೋಹ, ಮಕ್ಕಳು ಬೆಂಗಳೂರು ಸೇರಿದ್ದು, ಇದೆಲ್ಲ ಇದ್ದದ್ದೇ, ಸಾವಿರ ಸಲ ಬರೆದಾಗಿದೆ. ನನ್ನ ಪ್ರಕಾರ ದೊಡ್ಡ ಕಾರಣ ನಮ್ಮ ಪಾಲಿನ ಕಾಗದದಲ್ಲಿ, ಅಲ್ಲ, ಮಾಡದೇ ಬಿಟ್ಟ ಪಾಲಿನಲ್ಲಿದೆ.

ಒಂದು ಲೆಕ್ಕ ಹಾಕುವ. ಯಜಮಾನರು ಮರ್ಹೂಂ ಆದರು. ಹಿಂದೆ ಬೀವಿ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು. ಹೆತ್ತವರು ಮೊದಲೇ ತೀರಿಹೋಗಿದ್ದಾರೆ. ಶರೀಅತ್‌ನ ಲೆಕ್ಕದಲ್ಲಿ ಮನೆ ಎಂಟು ಪಾಲು. ಉಮ್ಮನಿಗೆ ಒಂದು, ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಎಷ್ಟು ಚೆಂದದ, ಎಷ್ಟು ಸ್ಪಷ್ಟವಾದ ಲೆಕ್ಕ! ಆದರೆ ನಾವು ಮಾಡುವುದೆಂತ? ‘ಈಗಲೇ ಪಾಲಿನ ಮಾತಾಡಿದರೆ ಜನ ಎಂತ ಹೇಳಿಯಾರು’ ಅಂತ ನಲ್ವತ್ತು ದಿನ ಕಳೆಯುತ್ತದೆ. ಉಮ್ಮ ಇರುವಾಗ ಬೇಡ ಅಂತ ಹತ್ತು ವರ್ಷ. ಆಮೇಲೆ ಉಮ್ಮನೂ ಹೋಗುತ್ತಾರೆ, ಮಕ್ಕಳಲ್ಲಿ ಒಬ್ಬಿಬ್ಬರೂ ಹೋಗುತ್ತಾರೆ, ಅವರ ಪಾಲು ಅವರ ಬೀವಿ ಮಕ್ಕಳಿಗೆ ಚೂರಾಗುತ್ತದೆ. ಎಂಟಿದ್ದ ಪಾಲು ಎಂಬತ್ತೋ ನೂರರುವತ್ತೋ ಆಗುತ್ತದೆ. ಆರ್‌ಟಿಸಿಯಲ್ಲೋ ಖಾತೆಯಲ್ಲೋ ಇನ್ನೂ ಅಜ್ಜನ ಹೆಸರು. ಈಗ ಮಾಡಿನ ಮೂಲೆಯಲ್ಲಿ ನಾಲ್ಕು ಹಂಚು ಒಡೆದಿದೆ. ಆ ನಾಲ್ಕು ಹಂಚು ಯಾರದ್ದು?

ಯಾರದ್ದೂ ಅಲ್ಲ. ಅಲ್ಲೇ ವಾಸ ಇರುವ ಕಾಕನಿಗೆ ‘ನಾಳೆ ಪಾಲಾದರೆ ನಾನು ಹಾಕಿದ ದುಡ್ಡು ಯಾರು ಕೊಡ್ತಾರೆ’ ಅಂತ. ದುಬೈಯ ತಮ್ಮನಿಗೆ ‘ವಾಸ ಇರುವವರು ಮಾಡಿಸಲಿ’ ಅಂತ. ತಂಗಿಯರು ಕೇಳಿದರೆ ‘ಪಾಲು ಕೇಳಲು ಬಂದಳು’ ಎಂಬ ಮಾತು, ಹಾಗಾಗಿ ಅವರು ಬಾಯಿ ಮುಚ್ಚಿರುತ್ತಾರೆ. ಮೂರು ಮಳೆಗಾಲ ಸಾಕು. ನೀರು ಪಕ್ಕಾಸಿನ ತಲೆಗೆ, ಅಲ್ಲಿಂದ ಗೋಡೆಯ ಮೇಲಿನ ಅಡ್ಡಮರಕ್ಕೆ, ಅಲ್ಲಿಂದ ಮುಚ್ಚಿಗೆಗೆ. ನಾಲ್ಕನೇ ವರ್ಷ ಎಲ್ಲರೂ ಒಪ್ಪುವ ಒಂದೇ ಮಾತು ಹೊರಡುತ್ತದೆ: ‘ಇದನ್ನು ಇನ್ನು ಇಟ್ಟು ಪ್ರಯೋಜನ ಇಲ್ಲ.’ ಜೆಸಿಬಿ ಬರುತ್ತದೆ. ಜಾಗದ ಬೆಲೆ ಸೆಂಟ್ಸಿನ ಲೆಕ್ಕದಲ್ಲಿ ಪೈಸೆ ಬಿಡದೆ ಎಣಿಸಿ ಪಾಲಾಗುತ್ತದೆ. ಮರ ಮಾತ್ರ ‘ಒಟ್ಟಿಗೆ’ ಹೋಗುತ್ತದೆ. ತೇಗ, ಬೀಟೆ, ಹಲಸು, ಬೋಗಿ, ಈಗ ಬಜಾರಿನಲ್ಲಿ ಹುಡುಕಿದರೂ ಆ ದಪ್ಪದಲ್ಲಿ ಸಿಗದ ಮರ, ಲಾರಿ ತಂದವನ ಬಾಯಿಗೆ ಬಂದ ಬೆಲೆಗೆ. ಮರದ ವ್ಯಾಪಾರದಲ್ಲಿ ಹೆಸರು ಮಾಡಿದ ಸಮುದಾಯ ನಮ್ಮದು ಅಂತ ಹೇಳಿಕೊಳ್ಳುತ್ತೇವೆ ಬೇರೆ!

ಬಯಲುಸೀಮೆಯ ಮಾಳಿಗೆಗೆ ಮಣ್ಣು ಸಿಗದಂತೆ ಮಾಡಿದ್ದು ಸರಕಾರದ ಬೇಲಿ. ನಮ್ಮ ಮಾಡಿಗೆ ಹಂಚು ಹೊದೆಸದಂತೆ ಮಾಡಿದ್ದು ನಾವೇ ಹಾಕಿಕೊಂಡ ಬೇಲಿ. ಅಲ್ಲಿನವರು ಕೋರ್ಟಿಗೆ ಹೋಗಬೇಕಾಯಿತು. ನಮಗೆ ಒಂದು ರಾತ್ರಿ ಮನೆಯವರೆಲ್ಲ ಕೂತು ಮಾತಾಡಿದರೆ ಆಗ್ತದೆ.

ಇದರಲ್ಲಿ ಕೊಲ್ಲಿಯ ಮಾತು ಬಂದದ್ದರಿಂದ ಒಂದು ವಿಚಾರ. ಹಜ್, ಉಮ್ರಾಕ್ಕೆ ಹೋದವರಲ್ಲಿ ಕೆಲವರಾದರೂ ಜಿದ್ದಾದ ಹಳೆ ಪೇಟೆ ಅಲ್ ಬಲದ್ ನೋಡಿರಬಹುದು. ಹವಳದ ಕಲ್ಲಿನ ಎತ್ತರದ ಮನೆಗಳು. ಕಲ್ಲು ಮೆದು, ಹಾಗಾಗಿ ಗೋಡೆಯಲ್ಲಿ ಅಲ್ಲಲ್ಲಿ ಅಡ್ಡಕ್ಕೆ ಮರದ ಪಟ್ಟಿ ಕೂರಿಸಿ ಬಿಗಿ ಮಾಡಿದ್ದಾರೆ. ಬೀದಿಗೆ ಚಾಚಿದ ಕೆತ್ತನೆಯ ಮರದ ಕಿಟಕಿಗಳಿಗೆ ‘ರೋಶನ್’ ಅಂತ ಹೆಸರು. ಅದಕ್ಕೆ ಬಳಸಿದ ತೇಗದಲ್ಲಿ ಭಾರತದಿಂದ ಹಡಗಿನಲ್ಲಿ ಹೋದದ್ದೂ ಸೇರಿದೆ. 1925ರಲ್ಲಿ ನಗರ ಕೈವಶವಾದಾಗ ದೊರೆ ಅಬ್ದುಲ್ ಅಝೀಝ್ ತಂಗಿದ್ದ ನಸೀಫ್ ಮನೆ ಈಗಲೂ ಅಲ್ಲಿದೆ. 2014ರಲ್ಲಿ ಯುನೆಸ್ಕೋ ಆ ಪೇಟೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದುಬೈಯಲ್ಲೂ ಬಸ್ತಕಿಯಾದ ಒಂದು ಭಾಗವನ್ನು 1980ರ ದಶಕದಲ್ಲಿ ಕೆಡವಿ, ಆಮೇಲೆ ಬುದ್ಧಿ ಬಂದು ಉಳಿದದ್ದನ್ನು ದುರಸ್ತಿ ಮಾಡಿ ಇಟ್ಟುಕೊಂಡರು. ನಮ್ಮ ಕಡೆಯ ಮರದಿಂದ ಕಟ್ಟಿದ ತಮ್ಮ ಮನೆಗಳನ್ನು ಅವರು ಉಳಿಸಿಕೊಳ್ಳುತ್ತಿರುವಾಗ, ಅವರ ಊರಿನಲ್ಲಿ ದುಡಿದ ದುಡ್ಡಿನಿಂದ ನಾವು ನಮ್ಮದನ್ನು ಕೆಡವುತ್ತಿದ್ದೇವೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

‘ಹಾಗಾದರೆ ಎಲ್ಲರೂ ಹಳೆ ಮನೆಯಲ್ಲೇ ಇರಬೇಕಾ? ಮೆಟ್ಟಿಲು ಕಡಿದು, ಬಾತ್‌ರೂಮು ಹೊರಗೆ, ಉಮ್ಮನಿಗೆ ಮೊಣಕಾಲು ನೋವು’ ಎಂದು ಕೇಳುವವರಿದ್ದಾರೆ. ಕೇಳುವುದು ಸರಿ. ಹಳೆ ಮನೆಯ ಅಡುಗೆಕೋಣೆಯಲ್ಲಿ ಹೊಗೆ ಕುಡಿದವರು ಹೆಂಗಸರು. ಅದನ್ನು ‘ಪರಂಪರೆ’ ಅಂತ ಹೊಗಳಿ ಬರೆಯುವವರು ಗಂಡಸರು. ಒಲೆ ಹೋಗಿ ಗ್ಯಾಸು ಬಂದದ್ದಕ್ಕೆ ನನಗೆ ಬೇಸರವಿಲ್ಲ. ಮರಕ್ಕೆ ಹೊಗೆಯ ಬದಲು ವರ್ಷಕ್ಕೊಮ್ಮೆ ಗೇರು ಎಣ್ಣೆ ಹಚ್ಚಿದರಾಯಿತು. ಕೆಳಗೊಂದು ಬಾತ್‌ರೂಮು ಕಟ್ಟಿಸಿ, ವಯರಿಂಗ್ ಹೊಸದು ಮಾಡಿಸಿ, ಮಾಡು ಬಿಚ್ಚಿ ಹಾಳಾದ ಪಕ್ಕಾಸು ಮಾತ್ರ ಬದಲಿಸಿದರೆ ಎಷ್ಟೋ ಮನೆಗಳು ಇನ್ನೊಂದು ತಲೆಮಾರಿಗೆ ಆಗ್ತವೆ. ಆಗದ ಮನೆಗಳೂ ಉಂಟು. ಕೆಡವಲೇಬೇಕಾದರೆ ಜೆಸಿಬಿ ತರಬೇಡಿ, ಆಚಾರಿಯನ್ನು ಕರೆದು ಬಿಚ್ಚಿಸಿ. ಚಾವಡಿಯ ನಾಲ್ಕು ಕಂಬ, ಒಂದು ದಾರಂದ, ಮುಚ್ಚಿಗೆಯ ಹಲಗೆ ಹೊಸ ಮನೆಯಲ್ಲಿ ಕೂತರೆ ಅಲಂಕಾರಕ್ಕೂ ಆಯಿತು, ಹೊಸ ಮರದ ಖರ್ಚೂ ಉಳಿಯಿತು.

ಪಾಲಿನ ವಿಷಯಕ್ಕೆ ಬಂದರೆ, ದಾರಿ ಇಲ್ಲದ್ದಲ್ಲ. ಮನೆಯನ್ನು ಇಟ್ಟುಕೊಳ್ಳುವ ಮನಸ್ಸು, ತಾಕತ್ತು ಇರುವ ಒಬ್ಬರು ಉಳಿದವರ ಪಾಲಿಗೆ ಬೆಲೆ ಕಟ್ಟಿಸಿ ಕೊಟ್ಟು ಮನೆಯನ್ನು ತಮ್ಮ ಹೆಸರಿಗೆ ಮಾಡಿಕೊಳ್ಳಬಹುದು. ವಾರಸುದಾರರ ನಡುವೆ ಒಪ್ಪಂದದ ಸುಲ್ಹ್‌ಗೆ ಅಡ್ಡಿ ಇಲ್ಲ. ಆದರೆ ಒಂದು ಶರತ್ತು: ಮೊದಲು ತಂಗಿಯರ ದುಡ್ಡು. ಕಾಂಕ್ರೀಟಾಗಲಿ ಮರವಾಗಲಿ, ಹೆಣ್ಣುಮಕ್ಕಳ ಹಕ್ಕನ್ನು ಅಡಿಗಲ್ಲಿನ ಕೆಳಗೆ ಹೂತು ನಿಲ್ಲಿಸಿದ ಮನೆ ಉಳಿದರೂ ಬೇಡ. ಇನ್ನೊಂದು ದಾರಿ ಕುಟುಂಬದ ವಕ್ಫ್. 1913ರ ಕಾನೂನಿನಿಂದಲೇ ಅದಕ್ಕೆ ಮಾನ್ಯತೆ ಇದೆ. ಹೆಂಗಸರ ವಾರಸಿನ ಹಕ್ಕು ತಪ್ಪಿಸಲು ಅದನ್ನು ಬಳಸುವಂತಿಲ್ಲ ಎಂದು 2025ರ ತಿದ್ದುಪಡಿ ಹೇಳುತ್ತದೆ. ನನಗೆ ಕೇಳಿದರೆ ಒಂದು ಸಾಧಾರಣ ಮನೆಗೆ ವಕ್ಫ್‌ನ ದಾರಿ ಉದ್ದವಾಯಿತು. ಸುಲ್ಹ್ ಸಾಕು, ಜೊತೆಗೆ ನೋಂದಣಿ ಕಚೇರಿಯ ಒಂದು ಕಾಗದ. ಜಮಾಅತ್‌ನ ಹಿರಿಯರು ಮದುವೆ, ತಲಾಕ್‌ನ ಪಂಚಾಯಿತಿಗೆ ಕೂರುವ ಹಾಗೆ ಪಾಲಾಗದೆ ಬಿದ್ದ ಮನೆಗಳ ವಿಷಯಕ್ಕೂ ವರ್ಷಕ್ಕೆ ನಾಲ್ಕು ದಿನ ಕೂತರೆ ಎಷ್ಟೋ ಗೋಡೆ ನಿಲ್ಲುತ್ತವೆ.

ಮನೆ ಉಳಿಯುತ್ತದೋ ಇಲ್ಲವೋ, ಅಳತೆ ಮತ್ತು ಫೋಟೊ ಮಾತ್ರ ಇಂದೇ ತೆಗೆದಿಡಿ. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರು ಹತ್ತಿರದ ಮಳಲಿಯಲ್ಲಿ ಮಸೀದಿಯ ನವೀಕರಣಕ್ಕೆಂದು ಮುಂಭಾಗ ಬಿಚ್ಚಿದಾಗ ಒಳಗಿನ ಹಳೆ ಮರಗೆಲಸ ಹೊರಬಂತು. ಅದನ್ನು ನೋಡಿ ಇದು ದೇವಸ್ಥಾನ ಎಂದು ಕೆಲವರು ಹೇಳಿದರು, ವಿಷಯ ಕೋರ್ಟಿಗೆ ಹೋಯಿತು. ಕೋರ್ಟಿನ ವಿಷಯವನ್ನು ಕೋರ್ಟಿಗೇ ಬಿಡುವ. ಆದರೆ ಕರಾವಳಿಯ ಮರಗೆಲಸ ಗೊತ್ತಿದ್ದವರಿಗೆ ಒಂದು ಸಂಗತಿ ಗೊತ್ತು: ಗುಡಿಗೆ, ಬಸದಿಗೆ, ಗುತ್ತಿನ ಮನೆಗೆ, ಪಳ್ಳಿಗೆ ಉಳಿ ಹಿಡಿದದ್ದು ಅದೇ ಆಚಾರಿಗಳ ಕೈ. ಬಂದರಿನ ಬೆಲಿಯೆ ಪಳ್ಳಿ, ಅಂದರೆ ಝೀನತ್ ಬಕ್ಷ್ ಮಸೀದಿಯ ಒಳಗಿನ ಕೆತ್ತನೆಯ ಮರದ ಕಂಬಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಮರದ ಮನೆಗಳ, ಮರದ ಪಳ್ಳಿಗಳ ಚಿತ್ರ, ನಕ್ಷೆ, ಕಟ್ಟಿದವರ ಮತ್ತು ರಿಪೇರಿ ಮಾಡಿದವರ ವಿವರ ನಮ್ಮ ಹತ್ತಿರವೇ ಇಲ್ಲದಿದ್ದರೆ, ಅವು ಎಂತ ಅಂತ ಬೇರೆ ಯಾರೋ ಹೇಳುತ್ತಾರೆ. ಹಳೆಯದ್ದನ್ನೆಲ್ಲ ಒಡೆದು ಗುಮ್ಮಟ, ಮಾರ್ಬಲ್ಲು ಹಾಕಿಸಿದ ಎಷ್ಟೋ ಪಳ್ಳಿಗಳಲ್ಲಿ ಮೊದಲಿನ ಕಟ್ಟಡದ ಒಂದು ಫೋಟೊ ಕೂಡ ಇಲ್ಲ.

ಬೇಕಾದ್ದು ದೊಡ್ಡ ಸಾಮಾನಲ್ಲ. ಮೊಬೈಲು, ಅಳತೆಯ ಟೇಪು, ಒಂದು ಇನ್ನೂರು ಪುಟದ ಪುಸ್ತಕ, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು. ಚಾವಡಿಯಿಂದ ಶುರು ಮಾಡಿ: ಉದ್ದ, ಅಗಲ, ಕಂಬದ ಸುತ್ತಳತೆ, ಎಷ್ಟು ಜಂತಿ, ಯಾವ ಮರ. ಮರ ಯಾವುದೆಂದು ಗೊತ್ತಾಗದಿದ್ದರೆ ಊರಿನ ಹಳೆ ಆಚಾರಿಯನ್ನು ಒಂದು ಗಂಟೆ ಕರೆಯಿರಿ, ಚಾ ಕೊಟ್ಟು ಸಂಬಳವನ್ನೂ ಕೊಡಿ. ಹಂಚಿನ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು, ಕೆಲವದರಲ್ಲಿ ಇಸವಿಯೂ ಅಚ್ಚಾಗಿರುತ್ತದೆ, ಅದನ್ನೂ ಬರೆದಿಡಿ. ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಯಾವ ಕೋಣೆಯಲ್ಲಿ ಯಾರು ಹುಟ್ಟಿದರು, ಉಪ್ಪರಿಗೆ ಯಾರ ಮದುವೆಗೆ ಎಬ್ಬಿಸಿದ್ದು ಎಂದು ಕೇಳಿ ರೆಕಾರ್ಡ್ ಮಾಡಿ. ಒಂದು ಪ್ರತಿ ಮನೆಯಲ್ಲಿ, ಒಂದು ಪಳ್ಳಿಯ ಆಫೀಸಿನಲ್ಲಿ. ಮಾಡು ಹತ್ತಿ ಪಕ್ಕಾಸು ನೋಡುವುದಿದ್ದರೆ ಮೇ ತಿಂಗಳ ಮೊದಲ ವಾರದೊಳಗೆ ಮುಗಿಸಿ. ಜೂನ್ ಆದರೆ ಹಂಚು ಪಾಚಿ ಹಿಡಿದು ಜಾರ್ತದೆ.